ಒಂದಗುಳು

ನಮ್ಮೂರಿನಲ್ಲಿ ಹೆಣ ಯಾರಿಗೂ ಕಾಯುವುದಿಲ್ಲ. ಉಸಿರು ನಿಂತದ್ದೇ ತಡ, ಒಬ್ಬರು ಚಟ್ಟ ಕಟ್ಟುತ್ತಾರೆ, ಇನ್ನೊಬ್ಬರು ನೀರು ಕಾಯಿಸುತ್ತಾರೆ, ಅಳುವವರು ಇನ್ನೂ ಸೆರಗು ಹುಡುಕುತ್ತಿರುವಾಗಲೇ ಹೊತ್ತುಕೊಂಡು ಹೊರಟಿರುತ್ತಾರೆ. ಬೇರೆ ಊರಿನವರು ಇದನ್ನು ಕಂಡು, ಇವರಿಗೆ ಕರುಳೇ ಇಲ್ಲ ಎಂದು ಆಡಿಕೊಳ್ಳುವುದುಂಟು. ಕರುಳು ಇದೆ. ಆದರೆ ಹೆಣ ಎತ್ತುವ ತನಕ ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಒಲೆ ಹಚ್ಚದ ಮನೆಯನ್ನು ಕೊಡೆ ಕಾಯುವುದಿಲ್ಲ. ಹಾಗಾಗಿ ನಮ್ಮಲ್ಲಿ ಯಾರಾದರೂ ಸತ್ತರೆ ಮೊದಲು ನೆನಪಾಗುವುದು ಸತ್ತವರಲ್ಲ, ಒಲೆ.

ಕೊಡೆ ಎಂದರೆ ಗುಡ್ಡದ ನೆತ್ತಿಯಲ್ಲಿ ಆಕಾಶಕ್ಕೆ ಬಾಯಿ ತೆರೆದು ಕುಳಿತಿರುವ ಪೆಟ್ಟಿಗೆಗಳ ಸಾಲು. ಗಡಿಯಾಚೆಯಿಂದ ಹಾರಿ ಬರುವುದನ್ನು ಅವುಗಳೊಳಗಿನ ಬಾಣಗಳು ಎದ್ದು ಹೋಗಿ ನಡುದಾರಿಯಲ್ಲೇ ಹಿಡಿಯುತ್ತವೆ. ಹಾರಿ ಬರುವುದನ್ನು ಕ್ಷಿಪಣಿ ಎಂದು ನಮ್ಮೂರಿನವರು ಬಾಯಿ ಬಿಟ್ಟು ಹೇಳುವುದಿಲ್ಲ. ದೀಪ ಆರಿದರೆ ದೊಡ್ಡದಾಯಿತು ಅನ್ನುತ್ತೇವೆ, ಬಳೆ ಒಡೆದರೆ ಹೆಚ್ಚಿತು ಅನ್ನುತ್ತೇವೆ, ಹಾಗೆಯೇ ಅವಕ್ಕೆ ನೆಂಟರು ಅನ್ನುತ್ತೇವೆ. ಅವು ಬರುವ ಮುಂಚೆ ಕೂಗುವ ಸೈರನ್ನಿನ ಹೆಸರು ಕಾಗೆ. ಕಾಗೆ ಕೂಗಿದರೆ ನೆಂಟರು ಬರುತ್ತಾರೆ, ನೆಂಟರು ಬರುವಾಗ ಒಲೆಯ ಮೇಲೆ ಅನ್ನ ಬೇಯುತ್ತಿರಬೇಕು. ಬೇಯುತ್ತಿದ್ದರೆ ಅವರು ಮೇಲಿನಿಂದ ಮೇಲೆಯೇ ಹೋಗುತ್ತಾರೆ, ಇಲ್ಲದಿದ್ದರೆ ಒಳಗೇ ಬಂದು ಕೂರುತ್ತಾರೆ. ನಾನು ಸೊಸೆಯಾಗಿ ಬಂದ ದಿನವೇ ನನ್ನ ಅತ್ತೆ ಚಿಕ್ಕತಾಯಮ್ಮ ಕಲಿಸಿದ ಪಾಠ ಇದು.

ಬರೀ ನೀರು ಕುದಿದರೆ ಲೆಕ್ಕಕ್ಕಿಲ್ಲ. ಕೆಂಡ ಇದ್ದರೂ ಲೆಕ್ಕಕ್ಕಿಲ್ಲ. ಉಣ್ಣುವುದು ಬೇಯಬೇಕು. ಕಾಗೆ ಕೂಗಿದ ಮೇಲೆ ಅಕ್ಕಿ ಹಾಕಿದರೆ ದೇವರಿಂದಲೂ ಅಷ್ಟು ಬೇಗ ಬೇಯಿಸಲಾಗದು. ಆದ್ದರಿಂದ ಹಗಲೂ ರಾತ್ರಿ ಒಂದಲ್ಲ ಒಂದು ತಪ್ಪಲೆ ಒಲೆಯ ಮೇಲೆ ಇದ್ದೇ ಇರುತ್ತದೆ. ಉಣ್ಣುವವರಿಗಿಂತ ಅನ್ನ ಹೆಚ್ಚು. ನಮ್ಮೂರ ನಾಯಿಗಳು ಕಳ್ಳ ಬಂದರೂ ಏಳುವುದಿಲ್ಲ, ನಿಜವಾದ ಕಾಗೆಗಳು ಪಿಂಡ ಇಟ್ಟರೂ ಮೂಸುವುದಿಲ್ಲ. ನಾನಂತೂ ಮದುವೆಯ ರವಿಕೆಯಲ್ಲಿ ಈಗ ಒಂದು ತೋಳು ತೂರಿಸಲಾರೆ.

ಗುಡ್ಡದ ಬುಡದಲ್ಲಿ ಕೊಡೆಯ ಆಫೀಸಿದೆ. ಅದರ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ, "ನೂರಕ್ಕೆ ತೊಂಬತ್ತು ಖಚಿತ" ಎಂದು ಬರೆಸಿದ್ದಾರೆ. ಅದು ಬರೆದ ಹೊಸದರಲ್ಲಿ ಊರಿನವರು ತೊಂಬತ್ತನ್ನು ಓದಿ ಕೈ ಮುಗಿದರು, ಆಮೇಲೆ ಮನೆಗೆ ಬಂದು ಮಿಕ್ಕ ಹತ್ತರ ಬಗ್ಗೆ ಯೋಚಿಸತೊಡಗಿದರು. ಹತ್ತು ಯಾರ ಪಾಲು? ಯಾರಿಗೂ ಅನ್ನ ಸೇರಲಿಲ್ಲವಂತೆ. ಆಗ ನಮ್ಮತ್ತೆ ಜಗಲಿಯ ಮೇಲೆ ಕೂತು, "ಬೇಯಿಸದೇ ಇರೋರ ಪಾಲು. ಇನ್ಯಾರ್ದು?" ಅಂದರಂತೆ. ಊರಿನ ಎದೆಯ ಮೇಲಿಂದ ಕಲ್ಲು ಇಳಿಯಿತು.

ಅಂದಿನಿಂದ ಅಗುಳು ನೋಡುವ ಕೆಲಸ ಅವರದೇ. ಎಲ್ಲಾದರೂ ನೆಂಟರು ಬಿದ್ದರೆ ಮಣ್ಣು ಬಗೆದು ಮೊದಲು ಜನರನ್ನು, ಆಮೇಲೆ ತಪ್ಪಲೆಯನ್ನು ಹೊರಗೆ ತೆಗೆಯುತ್ತಾರೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕು. ಅತ್ತೆ ತಪ್ಪಲೆಗೆ ಕೈ ಹಾಕಿ ಒಂದಗುಳು ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ, ಕೂಡಲೇ ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಬೆಂದಿಲ್ಲ" ಅನ್ನುತ್ತಿದ್ದರು. ಪ್ರತಿ ಸಲವೂ ಬೆಂದಿರುತ್ತಿರಲಿಲ್ಲ. ಬೆಂದಿದ್ದ ಮನೆ ಬಿದ್ದರೆ ಊರೇ ನಿಂತು ಕಟ್ಟಿಕೊಡಬೇಕು ಎಂಬ ಮಾತಿದೆ, ಅಂಥ ಪ್ರಮೇಯ ಬಂದೇ ಇಲ್ಲ. ಬೇಯಿಸದವರ ಮನೆಗೆ ಮಾತ್ರ ಊರು ಒಂದು ಇಟ್ಟಿಗೆಯನ್ನೂ ಎತ್ತಿಕೊಡುವುದಿಲ್ಲ. ಒಮ್ಮೆ ನಾನು ಕೇಳಿದ್ದೆ, "ಅತ್ತೆ, ಒಂದ್ ಸಲನಾದ್ರೂ ಬೆಂದಿತ್ತಾ?" ಅಂತ. ಅವರು ಹುಣಸೆಹಣ್ಣು ಬಿಡಿಸುತ್ತಿದ್ದರು. ತಲೆ ಎತ್ತದೆ, "ಬೆಂದಿದ್ರೆ ನಿಂಗೆ ರಾತ್ರಿ ನಿದ್ದೆ ಬರ್ತಿತ್ತೇನೇ?" ಅಂದರು. ಪ್ರಶ್ನೆಗೆ ಪ್ರಶ್ನೆ ಹಾಕಿ ಬಾಯಿ ಮುಚ್ಚಿಸುವುದು ಅವರ ಹುಟ್ಟುಗುಣ.

ಇಂಥ ಅತ್ತೆ ಹಾಸಿಗೆ ಹಿಡಿದಾಗ ನನ್ನ ಕೈ ಹಿಡಿದುಕೊಂಡು ಒಂದು ಮಾತು ತೆಗೆದುಕೊಂಡರು. "ನಿಂಗಿ, ನನ್ನ ಸಾಕಿ ಬರೋಗಂಟ ನನ್ನ ಎತ್ತಬ್ಯಾಡಿ ಕಣೆ. ನನ್ನ ಮಗಳು ನನ್ನ ಮಕ ನೋಡ್ಲಿ."

"ಒಲೆ ಗತಿ ಏನತ್ತೆ?" ಅಂದೆ. ಅಂಥ ಹೊತ್ತಿನಲ್ಲೂ ನನಗೆ ಒಲೆಯದೇ ಚಿಂತೆ.

"ಹಚ್ಚಬ್ಯಾಡ. ಅನ್ನದ ವಾಸನೆ ಬಂದ್ರೆ ನಾನು ಹೋಗಾಕಿಲ್ಲ, ಉಣ್ಣಾಕೆ ಕೂತ್ಬುಡ್ತೀನಿ. ಆಮ್ಯಾಕೆ ನೀನೇ ಬಯ್ಕೋತೀಯ." ನಕ್ಕರು. ನಾನೂ ನಕ್ಕು, ಆಗಲಿ ಎಂದು ಮಾತು ಕೊಟ್ಟೆ. ಜಗಳವಾಡಿದ್ದೇ ಹೆಚ್ಚು ನಾವಿಬ್ಬರೂ, ಆದರೆ ಅವರಿಲ್ಲದ ಮನೆಯನ್ನು ನೆನೆದರೆ ಆಗಲೇ ನನಗೆ ಎದೆ ಖಾಲಿಯಾಗುತ್ತಿತ್ತು.

ಮಗಳು ಸಾಕಮ್ಮ ಇರುವುದು ದೂರದ ಊರು. ಅಲ್ಲೂ ಕೊಡೆ ಇದೆ, ಅಲ್ಲಿನ ಕಟ್ಟಳೆ ಬೇರೆ. ಕಾಗೆ ಕೂಗಿದರೆ ಅವರು ಇದ್ದಬದ್ದ ಬೆಂಕಿಯನ್ನೆಲ್ಲ ಆರಿಸಿ ಕತ್ತಲಲ್ಲಿ ಕೂರುತ್ತಾರೆ. ತಾಯಿ ಮಗಳು ಫೋನಿನಲ್ಲಿ ಇದೇ ವಿಷಯಕ್ಕೆ ಎಷ್ಟೋ ಸಲ ಕಿತ್ತಾಡಿದ್ದರು. "ನಿಮ್ಮೂರೋರಿಗೆ ಬುದ್ಧಿ ಇಲ್ಲ" ಎಂದು ಇವರು, "ನಿಮ್ಮೂರೋರಿಗೆ ಹೊಟ್ಟೆ ಒಂದೇ ಐತೆ" ಎಂದು ಅವಳು. ಎರಡೂ ಊರು ಇನ್ನೂ ಇದ್ದವು. ಎರಡೂ ಊರಲ್ಲಿ ಆಗಾಗ ಮನೆ ಬೀಳುತ್ತಿತ್ತು.

ಅತ್ತೆ ಬೆಳಿಗ್ಗೆ ಹಾಲು ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಮಾತಾಡಲಿಲ್ಲ. ನನ್ನ ಗಂಡ ಜವರಯ್ಯ ಗೋಡೆಗೆ ಹಣೆ ಒತ್ತಿ ಅತ್ತು, ತಂಗಿಗೆ ಫೋನು ಮಾಡಿದರು. ಅವಳು ಬಸ್ಸು ಹತ್ತಿದಳು. ನಾನು ಒಲೆಯ ಮೇಲಿದ್ದ ತಪ್ಪಲೆ ಇಳಿಸಿ, ನೀರು ಚಿಮುಕಿಸಿದೆ. ಒಲೆ ಚುರ್ ಎಂದಿತು. ಆ ಒಲೆ ಪೂರ್ತಿ ತಣ್ಣಗಾದದ್ದನ್ನು ನಾನು ಈ ಮನೆಗೆ ಬಂದಮೇಲೆ ಕಂಡದ್ದು ಅದೇ ಮೊದಲು. ಅತ್ತೆಯ ಮುಖ ನೋಡಿದಾಗ ಬರದ ನಡುಕ ಒಲೆ ನೋಡಿದಾಗ ಬಂತು.

ವೀರಾಚಾರಿ ಬಿದಿರು ಹೊತ್ತು ತಂದರು. ಊರಿನ ಮರಗೆಲಸದವರು ಅವರು, ಚಟ್ಟ ಕಟ್ಟುವುದೂ ಅವರೇ. ಕಟ್ಟಿ ಮುಗಿಸಿ ಕೈ ಒರೆಸಿಕೊಂಡು, "ಏಳಿ ಜವರಯ್ಯ" ಅಂದರು. ಸಾಕಮ್ಮ ಬರಲಿ ಎಂದು ನಾನು ಅಂದೆ. ಅಂಗಳದಲ್ಲಿದ್ದವರೆಲ್ಲ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು.

ಪಕ್ಕದ ಮನೆಯ ಲಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. ಗಂಡನಿಲ್ಲದ ಹೆಂಗಸು. ಎರಡು ಹೆಣ್ಣುಮಕ್ಕಳನ್ನು ಸ್ಕೂಲಿಗೆ ಕಳಿಸಿ, ಅಲ್ಲಿಯ ದೊಡ್ಡ ಒಲೆ ಎಂದೂ ಆರುವುದಿಲ್ಲವೆಂದು ನೆಮ್ಮದಿಯಿಂದಿರುವವಳು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ.

"ನಿಂಗಮ್ಮ, ನಿನ್ ಅತ್ತೆ ಮ್ಯಾಲೆ ನಂಗೂ ಪಿರೂತಿ ಐತೆ. ಆದ್ರೆ ನಿಮ್ಮನೆ ಒಲೆ ತಣ್ಣಗಿದ್ರೆ ನೆಂಟ್ರು ಬರೋದು ನಿಮ್ಮನೆಗೊಂದಕ್ಕೇನಾ? ಗೋಡೆ ಯಾರ್ದು? ಎತ್ತಿ, ಇಲ್ಲ ಒಲೆ ಹಚ್ಚಿ."

"ಮಾತು ಕೊಟ್ಟಿವ್ನಿ ಲಕ್ಕಮ್ಮ. ಎರಡೂ ಆಗಾಕಿಲ್ಲ."

ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಅತ್ತೆಯ ಸ್ನಾನಕ್ಕೆ ನೀರು ಕಾಯಲು ಇಟ್ಟಿದ್ದೆವು. ನನ್ನ ಗಂಡ ಅದನ್ನೇ ತೋರಿಸಿ ದೈನ್ಯದಿಂದ, "ಆಚಾರ್ರೇ, ಅದೂ ಒಲೇನೇ ಅಲ್ವಾ?" ಅಂದರು. ಆಚಾರ್ರು ಬಹಳ ಹೊತ್ತು ಮೂರು ಕಲ್ಲನ್ನು ನೋಡಿದರು. ಅವರಿಗೂ ಹೌದು ಅನ್ನುವ ಆಸೆ ಇತ್ತು. "ಅದ್ರ ಮ್ಯಾಲೆ ಇರೋದು ಉಣ್ಣೋದಲ್ವಲ್ಲ ಜವರಯ್ಯ. ಉಣ್ಣೋದು ಬೇಯ್ದೇ ಇದ್ರೆ ಅದು ಬೆಂಕಿ, ಒಲೆ ಅಲ್ಲ" ಅಂದರು. ಅದರಲ್ಲೇ ಒಂದು ಹಿಡಿ ಅಕ್ಕಿ ಹಾಕಿದರೆ ಎಂದು ಯಾರೋ ಅಂದರು. ಹೆಣದ ನೀರಲ್ಲಿ ಅನ್ನವೇ ಎಂದು ನಾಲ್ಕು ಜನ ಅವರ ಮೇಲೆ ಬಿದ್ದರು. ಹೊತ್ತು ಏರುತ್ತಿತ್ತು. ಪ್ರತಿಯೊಬ್ಬರೂ ಮಾತಿನ ನಡುವೆ ಒಮ್ಮೊಮ್ಮೆ ಗುಡ್ಡದ ಕಡೆ ಕಣ್ಣು ಹಾಯಿಸುತ್ತಿದ್ದರು. ಸಾಕಮ್ಮ ಫೋನು ಮಾಡಿದಳು, ದಾರಿಯ ಊರೊಂದರಲ್ಲಿ ಕಾಗೆ ಕೂಗಿ ಬಸ್ಸು ನಿಂತಿದೆಯಂತೆ.

ಲಕ್ಕಮ್ಮ ಹಲ್ಲು ಕಚ್ಚಿಕೊಂಡು ಮನೆಗೆ ಹೊರಟವಳು ಅರ್ಧದಲ್ಲಿ ತಿರುಗಿ, "ನಿಮಗೇ ಅಂತ ದೊಡ್ಡ ತಪ್ಪಲೇಲಿ ಅಕ್ಕಿ ಹಾಕಿವ್ನಿ. ಸತ್ತೋರ ಮನೇಗೆ ಅನ್ನ ಕೊಡ್ಬೇಕಲ್ಲ, ಹಾಳಾದ್ದು! ಆಗ್ಲೇ ಕೊತಕೊತ ಅಂತೈತೆ" ಎಂದು ಬೈಯುವ ದನಿಯಲ್ಲೇ ಹೇಳಿ ಹೋದಳು. ಲಕ್ಕಮ್ಮ ಹಾಗೆಯೇ. ಬಾಯಿ ಕೆಟ್ಟದ್ದು, ಕೈ ಒಳ್ಳೆಯದು.

ನನ್ನ ಗಂಡ ಬಸ್ಸು ನೋಡಲು ರಸ್ತೆಗೆ ಹೋದರು. ಅವರು ತಿರುವು ದಾಟಿದ್ದರೋ ಇಲ್ಲವೋ, ಕಾಗೆ ಕೂಗಿತು.

ಅಂಗಳ ಒಂದೇ ಉಸಿರಿಗೆ ಬರಿದಾಯಿತು. ಆಚಾರ್ರು ಓಡುತ್ತಾ, "ಬಾರವ್ವ, ನಮ್ಮನೆಗೆ ಬಾ, ಅವರೇನು ಈಗ ಎದ್ದು ಹೋಯ್ತಾರಾ!" ಎಂದು ಕೂಗಿದರು. ಹೋಗಬಹುದಿತ್ತು. ಕಾಲು ಏಳಲಿಲ್ಲ. ಹೆಣವನ್ನು ಒಂಟಿಯಾಗಿ ಬಿಡಬಾರದು ಅನ್ನುತ್ತಾರೆ, ಅದಲ್ಲ ಕಾರಣ. ಇಷ್ಟು ವರ್ಷ ಪ್ರತಿ ಕಾಗೆಗೂ ನನ್ನ ಪಕ್ಕದಲ್ಲಿ ಕೂತು, "ಸೌದೆ ಮುಂದಕ್ಕೆ ತಳ್ಳೇ" ಅಂದವರು ಅವರು. ಅವರನ್ನು ತಣ್ಣಗಿನ ಮನೆಯಲ್ಲಿ ಬಿಟ್ಟು ನಾನು ಯಾರದೋ ಬೆಚ್ಚಗಿನ ಅಡುಗೆಮನೆಯಲ್ಲಿ ಕೂರುವುದು ನನ್ನಿಂದಾಗಲಿಲ್ಲ. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳಾದೀತು. ಅತ್ತೆಯ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಾ ಕೂತೆ.

ಬಾಗಿಲಲ್ಲಿ ಲಕ್ಕಮ್ಮ ಕಾಣಿಸಿಕೊಂಡಳು. ಕೈಯಲ್ಲಿ ಮಣ್ಣಿನ ಮುಚ್ಚಳ, ಅದರಲ್ಲಿ ಕೆಂಡ. ಅವಳ ಮನೆಯ ಒಲೆಯದು. ಇನ್ನೊಂದು ಕಂಕುಳಲ್ಲಿ, ಅಕ್ಕಿಗಿಂತ ಬೇಗ ಬೇಯುವ ಅವಲಕ್ಕಿಯ ಡಬ್ಬ.

"ದಾರಿ ಬುಡು. ನಾನು ಹಚ್ತೀನಿ. ಪಾಪ ಬಂದ್ರೆ ನನ್ನ ತಲೆ ಮ್ಯಾಲೆ ಬರ್ಲಿ."

ನಾನು ಎದ್ದು ಹೊಸ್ತಿಲಿಗೆ ಅಡ್ಡ ನಿಂತೆ. "ಬ್ಯಾಡ ಲಕ್ಕಮ್ಮ."

"ನನ್ ಮಕ್ಳು ಸಂಜೆ ಬಂದಾಗ ನಾನಿರ್ಬೇಕು ಕಣೆ, ಮುಂಡೇದೆ! ಬುಡು!"

ನಾನು ಅವಳ ಮಣಿಕಟ್ಟು ಹಿಡಿದೆ, ಅವಳು ನನ್ನ ಜಡೆ ಹಿಡಿದಳು. ಇಬ್ಬರೂ ಅಳುತ್ತಿದ್ದೆವು. ಕೆಂಡ ಹೊಸ್ತಿಲ ಮೇಲೆ ಚೆಲ್ಲಿತು. ಮೇಲೆ ಗುಡ್ಡದ ಪೆಟ್ಟಿಗೆಗಳಿಂದ ಬಿಳಿ ಗೆರೆಗಳು ಎದ್ದವು. ಒಂದು ಸಿಡಿತ, ದೂರ. ಹಿಡಿಯಿತು ಎಂದುಕೊಂಡೆ. ಇನ್ನೊಂದು, ಅದನ್ನೂ ಹಿಡಿಯಿತು. ಮೂರನೆಯದಕ್ಕೆ ಸದ್ದೇ ಕೇಳಲಿಲ್ಲ, ನೆಲ ಮಾತ್ರ ಎದ್ದು ಬಂದು ನಮ್ಮಿಬ್ಬರನ್ನೂ ಒಳಗೆ ಎಸೆಯಿತು. ಕಣ್ಣು ಬಿಟ್ಟಾಗ ನಾನು ಅತ್ತೆಯ ಕಾಲ ಬಳಿ ಬಿದ್ದಿದ್ದೆ. ನಮ್ಮ ಮನೆ ಇತ್ತು. ಅತ್ತೆಯ ಮುಖದ ಮೇಲೆ ಸುಣ್ಣದ ಪುಡಿ ಉದುರಿತ್ತು, ಅಷ್ಟೇ. ನಡುವಿನ ಗೋಡೆಯೂ ಇತ್ತು. ಗೋಡೆಯ ಆಚೆ ಲಕ್ಕಮ್ಮನ ಮನೆ ಇರಲಿಲ್ಲ.

ಲಕ್ಕಮ್ಮ ಬಾಗಿಲಿಗೆ ಹೋಗಿ ನೋಡಿದಳು. ತುಂಬ ಹೊತ್ತು ನೋಡಿದಳು. "ಜಗಳಕ್ಕೆ ಬರ್ದೇ ಇದ್ದಿದ್ರೆ..." ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದಳು.

ಊರು ಸೇರಿತು, ನನ್ನ ಗಂಡನೂ ರಸ್ತೆಯಿಂದ ಓಡಿ ಬಂದರು. ಒಳಗೆ ಯಾರೂ ಇರಲಿಲ್ಲವೆಂದು ಗೊತ್ತಾದ ಮೇಲೆ ತಪ್ಪಲೆ ಹುಡುಕಿದರು. ಹಿತ್ತಾಳೆಯ ದೊಡ್ಡ ತಪ್ಪಲೆ, ಬಿದ್ದ ತೊಲೆಯ ಅಡಿಯಲ್ಲಿ, ಮೂರು ಕಲ್ಲಿನ ಮೇಲೆಯೇ ನೆಟ್ಟಗೆ ಕೂತಿತ್ತು. ಮುಚ್ಚಳ ಕೂಡ ಸರಿದಿರಲಿಲ್ಲ. ಆಚಾರ್ರು ಅದನ್ನು ತಂದು ನಮ್ಮ ಜಗಲಿಯ ಮೇಲೆ ಇಟ್ಟರು. ಎಲ್ಲರೂ ಅಭ್ಯಾಸದಂತೆ ನಮ್ಮ ಬಾಗಿಲ ಕಡೆ ನೋಡಿದರು. ಅಗುಳು ನೋಡುವವರು ಒಳಗೆ ಮಲಗಿದ್ದರು.

"ಸೊಸೆ ಅವ್ಳಲ್ಲಾ, ಅವ್ಳೇ ನೋಡ್ಲಿ" ಎಂದು ಯಾರೋ ಅಂದರು.

"ಸೂತಕದ ಕೈ."

"ಅಗುಳಿಗೆ ಎಂಥ ಸೂತಕ? ನೋಡವ್ವ ನಿಂಗಮ್ಮ" ಅಂದರು ಆಚಾರ್ರು. ಬಿದ್ದಿರುವುದು ಒಲೆ ಉರಿಯುತ್ತಿದ್ದ ಮನೆ, ಉಳಿದಿರುವುದು ಒಲೆ ಆರಿದ್ದ ಮನೆ. ಅದನ್ನು ಎಲ್ಲರೂ ಕಂಡಿದ್ದರು, ಯಾರೂ ಬಾಯಿ ಬಿಟ್ಟಿರಲಿಲ್ಲ. ಎಲ್ಲರ ಕಣ್ಣೂ ನನ್ನ ಎರಡು ಬೆರಳಿನ ಮೇಲಿತ್ತು.

ಮುಚ್ಚಳ ತೆಗೆದೆ. ಬಿಸಿ ಉಗಿ ಮುಖಕ್ಕೆ ಹೊಡೆಯಿತು. ಒಂದಗುಳು ತೆಗೆದು ಹಿಸುಕಿದೆ. ನಡುವೆ ಒಂದಿಷ್ಟಾದರೂ ಗಟ್ಟಿ ಸಿಗಲಿ ಎಂದು ದೇವರನ್ನು ಬೇಡಿಕೊಂಡೆ. ಸಿಗಲಿಲ್ಲ. ಬೆಣ್ಣೆಯ ಹಾಗೆ ಬೆರಳಿನ ನಡುವೆ ಕರಗಿಹೋಯಿತು. ಆಗ ನನಗೆ ಅತ್ತೆಯ ಬೆರಳುಗಳು ನೆನಪಾದವು, ಹಿಸುಕಿದ ಮರುಕ್ಷಣವೇ ಅವರು ಸೆರಗಿಗೆ ಒರೆಸಿಕೊಳ್ಳುತ್ತಿದ್ದ ಅವಸರ ನೆನಪಾಯಿತು. ಎಷ್ಟು ಮನೆಗಳ ಅನ್ನವನ್ನು ಆ ಸೆರಗು ಉಂಡಿತ್ತೋ! ನನಗೆ ಅವರ ಮೇಲೆ ಕೋಪ ಬಂತು, ಅದರ ಬೆನ್ನಿಗೇ ಅವರನ್ನು ತಬ್ಬಿಕೊಂಡು ಅಳಬೇಕು ಅನ್ನಿಸಿತು.

ಬೆಂದಿದೆ ಎಂದರೆ ಊರು ಲಕ್ಕಮ್ಮನ ಮನೆ ಕಟ್ಟಿಕೊಡಬೇಕು. ಕಟ್ಟಿಕೊಟ್ಟೀತು. ಆಮೇಲೆ ಆ ಮನೆಯಲ್ಲಾಗಲಿ, ಇನ್ನಾವ ಮನೆಯಲ್ಲಾಗಲಿ ಯಾರು ನಿದ್ದೆ ಮಾಡುತ್ತಾರೆ? ಬೆಂದಿಲ್ಲ ಎಂದರೆ ನಮಗೆ ಅನ್ನ ಬೇಯಿಸಿದ ತಪ್ಪಿಗೆ ಇವಳು ಬೀದಿಯಲ್ಲಿ ನಿಲ್ಲಬೇಕು. ನಾನು ಲಕ್ಕಮ್ಮನ ಕಡೆ ತಿರುಗಿದೆ, ಬೆಂದಿದೆ ಅನ್ನುವವಳೇ ಇದ್ದೆ. ಅವಳು ಮಗ್ಗುಲಿಗೆ ಬಂದು ನನ್ನ ಕೆದರಿದ ಜಡೆಯನ್ನು ಸರಿ ಮಾಡುವ ನೆವದಲ್ಲಿ ಕಿವಿಯ ಹತ್ತಿರ ಬಾಗಿದಳು.

"ಬೆಂದಿಲ್ಲ ಅನ್ನೇ" ಅಂದಳು. "ಸಂಜೆ ನನ್ ಮಕ್ಳು ಬತ್ತವೆ. ಅವು ಎಲ್ಲಾದ್ರೂ ಮಲಗ್ಬೇಕಲ್ಲ. ಹೆದರ್ಕೊಂಡು ಮಲಗಿದ್ರೆ ಅದು ಮಲಗಿದಂಗಾ?"

ಬೆರಳನ್ನು ಸೆರಗಿಗೆ ಒರೆಸಿಕೊಂಡೆ. "ಬೆಂದಿಲ್ಲ" ಅಂದೆ.

ಊರು ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ಮರುಗಳಿಗೆಯೇ ನಾಲಿಗೆಗಳು ಸಡಿಲವಾದವು. ಅನ್ನಕ್ಕಿಟ್ಟು ಪಕ್ಕದ ಮನೆಗೆ ಜಗಳಕ್ಕೆ ಹೋದರೆ ಇನ್ನೇನಾಗುತ್ತದೆ ಎಂದು ಒಬ್ಬಳು, ಒಲೆಯ ಕೆಂಡವನ್ನೇ ಬಾಚಿಕೊಂಡು ಹೋದರೆ ಅನ್ನ ಹೇಗೆ ಬೆಂದೀತು ಎಂದು ಇನ್ನೊಬ್ಬ. ಲಕ್ಕಮ್ಮ ಬಾಯಿ ಕೆಟ್ಟವಳು ಅಂದೆನಲ್ಲ, ಅವಳು ಅಂದು ಒಬ್ಬರಿಗೂ ತಿರುಗಿ ಹೇಳಲಿಲ್ಲ. ತಲೆ ತಗ್ಗಿಸಿ ನಿಂತಿದ್ದಳು. ನಮ್ಮ ಮನೆ ಹೇಗೆ ಉಳಿಯಿತು ಎಂದು ಯಾರೂ ಕೇಳಲಿಲ್ಲ. "ಇವತ್ತಿಂದ ನಮ್ಮತ್ತೆ ಕೋಣೆ ನಿಂದೇ" ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ಯಾರಾದರೂ ಬೇಡ ಅನ್ನಲಿ, ಕೂದಲು ಕಿತ್ತುಬಿಡುತ್ತೇನೆ ಎಂದು ಕಾದೆ. ಯಾರೂ ಅನ್ನಲಿಲ್ಲ.

ಸಾಕಮ್ಮ ಬಂದಳು. ಬಸ್ಸಿನಿಂದ ಇಳಿದವಳೇ ಬೀದಿಯ ಉದ್ದಕ್ಕೂ ಓಡಿ ಬಂದು, ಪಕ್ಕದ ಕುಸಿದ ಮನೆಯನ್ನು ನೋಡಿ ಕಿರುಚಿ, ಆಮೇಲೆ ನಮ್ಮ ಹೊಸ್ತಿಲು ಕಂಡು, ಒಳಗೆ ಬಂದು ತಾಯಿಯ ಮುಖದ ಸುಣ್ಣವನ್ನು ಅಂಗೈಯಿಂದ ಒರೆಸಿದಳು. "ನನ್ಗೋಸ್ಕರ ಕಾದ್ರಾ ಅತ್ತಿಗೆ" ಎಂದು ನನ್ನ ಕಾಲು ಹಿಡಿಯಲು ಬಂದಳು. ಅವಳು ಮನಸ್ಸು ತುಂಬ ಅತ್ತಳು. ಅವಳು ಸಾಕು ಅನ್ನುವ ತನಕ ಯಾರೂ ಆತುರ ಪಡಿಸಲಿಲ್ಲ. ನಮ್ಮೂರಿನಲ್ಲಿ ಹೆಣಕ್ಕೆ ಅಷ್ಟು ಹೊತ್ತು ಸಿಕ್ಕಿದ್ದು ನನಗೆ ತಿಳಿದಂತೆ ಅದೊಂದೇ ಸಲ.

ಗಂಡಸರು ಮಣ್ಣು ಮಾಡಿ, ಮಿಂದು ಬಂದು, ದೀಪ ನೋಡಿದರು. ಲಕ್ಕಮ್ಮನ ಮಕ್ಕಳು ಸ್ಕೂಲಿನಿಂದ ಬಂದು ಅಜ್ಜಿಯ ಕೋಣೆಯಲ್ಲಿ ಆಗಲೇ ಚೀಲ ಇಟ್ಟಿದ್ದವು. ನಾನು ಹೊಸ್ತಿಲ ಮೇಲಿಂದ ಬಾಚಿ ಬೂದಿಯಲ್ಲಿ ಮುಚ್ಚಿಟ್ಟಿದ್ದ ಕೆಂಡದಲ್ಲಿ ಇನ್ನೂ ಜೀವ ಇದ್ದದ್ದನ್ನು ಆಯ್ದು ಒಲೆ ಹಚ್ಚಿದೆ. ಆ ಹೊತ್ತಿಗೆ ಲಕ್ಕಮ್ಮ ತನ್ನ ಹಿತ್ತಾಳೆ ತಪ್ಪಲೆಯನ್ನು ಸೊಂಟದ ಮೇಲೆ ಹೊತ್ತು ಜಗಲಿಗೆ ಬಂದಳು. "ನಿಮಗೇ ಅಂತ ಇಟ್ಟಿದ್ದು. ಬಿಸಾಕಾಕೆ ಮನಸಾಗಾಕಿಲ್ಲ" ಅಂದಳು. ಬೆಳಿಗ್ಗೆಯಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಆಚಾರ್ರು, ನನ್ನ ಗಂಡ, ಚಟ್ಟ ಹೊತ್ತವರು, ಲಕ್ಕಮ್ಮನನ್ನು ಮಧ್ಯಾಹ್ನ ಆಡಿಕೊಂಡವರು, ಎಲ್ಲರೂ ಎಲೆ ಹಾಕಿಕೊಂಡು ಸಾಲಾಗಿ ಕೂತರು. ಸಾಕಮ್ಮ ನನ್ನ ಪಕ್ಕ ಕೂತಳು. ಲಕ್ಕಮ್ಮನೇ ಬಡಿಸಿದಳು.

ಸಾಕಮ್ಮ ಎರಡು ತುತ್ತು ನುಂಗಿದಳು. ಅತ್ತು ಅತ್ತು ಸೋತ ಮುಖದಲ್ಲಿ ಮೊದಲ ಸಲ ಒಂದಿಷ್ಟು ಜೀವ ಬಂತು.

"ಎಷ್ಟು ಚೆನ್ನಾಗಿ ಬೆಂದೈತೆ ಅತ್ತಿಗೆ ಅನ್ನ!" ಅಂದಳು. "ಮಲ್ಲಿಗೆ ಹೂವಿನಂಗೆ. ಯಾರ ಮನೇದು?"

ಆಚಾರ್ರ ಕೈ ಎಲೆಗೂ ಬಾಯಿಗೂ ನಡುವೆ ನಿಂತಿತು. ನನ್ನ ಗಂಡ ನನ್ನನ್ನು ನೋಡಿದರು. ಉಳಿದವರೆಲ್ಲ ತಮ್ಮ ತಮ್ಮ ಎಲೆ ನೋಡುತ್ತಿದ್ದರು. ಒಬ್ಬೊಬ್ಬರ ಬಾಯಲ್ಲೂ ಅದೇ ಅನ್ನ ಇತ್ತು.

ಲಕ್ಕಮ್ಮ ಸೌಟು ಹಿಡಿದು ಬಗ್ಗಿ ಸಾಕಮ್ಮನ ಎಲೆಗೆ ಇನ್ನಷ್ಟು ಬಡಿಸಿದಳು. "ಬೆಂದಿಲ್ಲ ಕಣವ್ವ" ಅಂದಳು ಮೆಲ್ಲಗೆ. "ಹಸ್ದಿದ್ದೀಯಲ್ಲ, ಅದ್ಕೇ ಹಂಗನ್ನಿಸ್ತದೆ."

"ಹೂಂ" ಅಂದರು ಆಚಾರ್ರು. "ಒಂಚೂರು ಗಟ್ಟಿ."

"ನಡುವೆ ಅಕ್ಕಿ ಸಿಗ್ತದೆ" ಎಂದಿತು ಸಾಲಿನ ಆ ತುದಿಯ ಒಂದು ದನಿ.

ಬಾಯಲ್ಲಿಟ್ಟರೆ ಕರಗುವ ಆ ಅನ್ನವನ್ನು ಸಾಲಿನ ಉದ್ದಕ್ಕೂ ಎಲ್ಲರೂ, ಕಲ್ಲು ಸಿಕ್ಕಿದವರ ಹಾಗೆ ದವಡೆ ಬಿಗಿದು ಬಹಳ ಹೊತ್ತು ಅಗಿಯುತ್ತಾ ಕೂತರು. ನಾನೂ ಅಗಿದೆ.